ಮಕ್ಕಳ ಮೂತ್ರಪಿಂಡವೂ ಆಸ್ಪತ್ರೆಯ ಲೆಕ್ಕವೂ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಮೂತ್ರಪಿಂಡ ಪೂರಾ ಕೆಟ್ಟ ಮಗುವಿಗೆ ಬೇರೆಯದನ್ನು ಜೋಡಿಸುವವರೆಗೆ ರಕ್ತದ ಕಲ್ಮಶವನ್ನು ತೆಗೆಯುತ್ತಲೇ ಇರಬೇಕು. ಅದಕ್ಕೊಂದು ದಾರಿ ಹೊಟ್ಟೆಯ ಡಯಾಲಿಸಿಸ್. ಹೊಟ್ಟೆಯೊಳಗಿಟ್ಟ ಮೆತ್ತನೆಯ ಕೊಳವೆಯಿಂದ ಶುದ್ಧ ದ್ರವ ತುಂಬಿ, ಸ್ವಲ್ಪ ಹೊತ್ತು ಬಿಟ್ಟು ಹೊರಹಾಕುವುದು. ಇದನ್ನು ಮನೆಯಲ್ಲಿ ದಿನವೂ ಮಾಡುವವರು ತಾಯಿತಂದೆಯರೇ. ಕೈ ಸರಿಯಾಗಿ ತೊಳೆಯದಿದ್ದರೆ, ಕೊಳವೆಯ ತುದಿ ಎಲ್ಲಿಗಾದರೂ ತಗಲಿದರೆ, ಹೊಟ್ಟೆಯಲ್ಲಿ ಸೋಂಕು ಹತ್ತುತ್ತದೆ. ಪದೇಪದೇ ಹಾಗಾದರೆ ಒಳಪೊರೆಯೇ ಕೆಟ್ಟು ಈ ದಾರಿಯೂ ಮುಚ್ಚಬಹುದು.

ಆಗ ತಾಯಿಯನ್ನು ಬೈದು ಸುಮ್ಮನಾಗುವುದು ಸುಲಭ. ಗಿರಣಿಯ ಕೆಲಸ ಬಲ್ಲವರಿಗೆ ಗೊತ್ತು: ಒಂದು ಎಳೆ ಕಡಿದರೆ ಗಂಟು ಹಾಕಿದರಾಯಿತು, ಖಾತೆಯ ತುಂಬ ಕಡಿಯುತ್ತಿದ್ದರೆ ನೇಕಾರನನ್ನು ಗದರಿಸಿ ಫಲವಿಲ್ಲ. ನೂಲನ್ನು ನೋಡಬೇಕು, ಗಾಳಿಯ ತೇವವನ್ನು ನೋಡಬೇಕು.

ಅಮೇರಿಕದ ಮಕ್ಕಳ ಆಸ್ಪತ್ರೆಗಳು 2011ರಲ್ಲಿ ಹೀಗೆ ನೋಡಲು ಕೂಡಿಕೊಂಡವು. ಆ ಕೂಟದ ಹೆಸರು ಸ್ಕೋಪ್. ಕೊಳವೆ ಇಡುವ ಕ್ರಮ, ಮನೆಯವರಿಗೆ ಕಲಿಸುವ ಕ್ರಮ, ಆಮೇಲೆ ಮಗುವನ್ನು ನೋಡುತ್ತಿರುವ ಕ್ರಮ, ಮೂರನ್ನೂ ಗೊತ್ತುಮಾಡಿದರು. ಎಷ್ಟು ಪಾಲಿಸಿದೆವು, ಎಷ್ಟು ಸೋಂಕಾಯಿತು ಎಂದು ತಿಂಗಳು ತಿಂಗಳು ಬರೆದು ಒಟ್ಟುಗೂಡಿಸಿದರು. ಒಂದೆಡೆ ಕಲಿತದ್ದು ಇನ್ನೊಂದೆಡೆಗೆ ಮುಟ್ಟಿತು. ಮೊದಲಿನಿಂದ ಇದ್ದ 24 ಆಸ್ಪತ್ರೆಗಳ ಲೆಕ್ಕ 2016ರಲ್ಲಿ ಪ್ರಕಟವಾಯಿತು. 100 ಮಕ್ಕಳಿಗೆ ವರ್ಷಕ್ಕೆ ಸುಮಾರು 63 ಸಲ ಆಗುತ್ತಿದ್ದ ಸೋಂಕು, 36 ತಿಂಗಳಲ್ಲಿ 42ಕ್ಕೆ ಇಳಿದಿತ್ತು. 42 ಕೂಡ ಕಡಮೆಯೇನಲ್ಲ, ಒಪ್ಪುತ್ತೇವೆ. ಆದರೆ ಇದರಲ್ಲಿ ಹೊಸ ಔಷಧಿಯ ಮಾತೇ ಇಲ್ಲವೆಂಬುದನ್ನು ಗಮನಿಸಿರಿ.

ನಮಗೆ ಬಹಳ ಹಿಡಿಸಿದ್ದು ಕಲಿಸುವ ರೀತಿ. ದಾದಿ ಹೇಳಿಕೊಟ್ಟು ಬಿಡುವುದಿಲ್ಲ. ಮನೆಯವರ ಕೈಯಿಂದಲೇ ಮಾಡಿಸಿ ನೋಡುತ್ತಾಳೆ. ಹೋಟೆಲಿನಲ್ಲಿ ಹೊಸ ಹುಡುಗನನ್ನು "ತಿಳಿಯಿತೇನೋ?" ಎಂದರೆ "ಹೂಂ" ಅನ್ನುತ್ತಾನೆ. ತಿಳಿಯಿತೋ ಇಲ್ಲವೋ ಗೊತ್ತಾಗುವುದು ದೋಸೆ ಹುಯ್ದಾಗಲೇ!

ನಮ್ಮವರ ಪಾಡೇನು? ಮಗುವಿನ ಬೇನೆಗೆ ಅರ್ಧ ಮದ್ದು ಊರಲ್ಲಿ, ಅರ್ಧ ಮುಂಬಯಿಯಲ್ಲಿ. ಖೋಲಿ ಬದಲಿಸುವಾಗ ಚೀಟಿಗಳು ಹೋಗುತ್ತವೆ. ಹೊಸ ವೈದ್ಯರು ಮತ್ತೆ ಮೊದಲಿನಿಂದ ಹಿಡಿಯಬೇಕು. ಬರಹಕ್ಕೇ ಬಾರದ ಮಗುವಿನಿಂದ ಆಸ್ಪತ್ರೆ ಕಲಿಯುವುದೆಂತು? ಬೆಳಗ್ಗೆ ಏಳುವಾಗ ಮಗುವಿನ ಕಣ್ಣಸುತ್ತ ಬಾವು ಕಂಡರೆ, ಮೂತ್ರ ನೊರೆನೊರೆಯಾದರೆ, ತಡಮಾಡದೆ ತೋರಿಸಿರಿ. ಒಂದು ವಹಿಯಲ್ಲಿ ತಾರೀಖು, ತೂಕ, ರಕ್ತದೊತ್ತಡ, ಮೂತ್ರಪರೀಕ್ಷೆಯ ಫಲ, ಔಷಧಿಯ ಹೆಸರು ಮತ್ತು ಪ್ರಮಾಣ ಬರೆಯಿಸಿಡಿರಿ. ಊರಿಗೆ ಹೋಗುವಾಗ ವಹಿಯೂ ಚೀಲದಲ್ಲಿರಲಿ. ಬರೆಯಲು ಬಾರದವರು ಚೀಟಿಗಳನ್ನು ಸಂಘದ ಕಚೇರಿಗೆ ತಂದರೆ, ಸಂಜೆ ಏಳರ ಮೇಲೆ ಬರೆದುಕೊಡುತ್ತೇವೆ.