ಕಿತ್ತಳೆ ಬುಟ್ಟಿಯಿಂದ ಎದ್ದ ಶಾಲೆ



ಪವಾಡವೆಂದರೆ ನಮ್ಮ ಜನಕ್ಕೆ ಬಹು ಪ್ರೀತಿ. ಬರಿಗೈಯಿಂದ ಬೂದಿ ಉದುರಿಸಿದವರ ಕಾಲಿಗೆ ಬೀಳುತ್ತೇವೆ. ಬರಿಗೈಯಿಂದ ಊರಿಗೆ ಶಾಲೆ ತಂದವರ ಹೆಸರು ಕೇಳುವ ವ್ಯವಧಾನವಿಲ್ಲ.

ಹರೇಕಳದ ಹಾಜಬ್ಬನವರು ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿದವರು. ಓದುಬರಹ ಕಲಿತವರಲ್ಲ. ಒಮ್ಮೆ ವಿದೇಶಿ ಪ್ರವಾಸಿಗಳು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಇವರಿಗೆ ತಿಳಿಯಲಿಲ್ಲ, ಅವರು ಹೊರಟುಹೋದರು. ವ್ಯಾಪಾರ ತಪ್ಪಿದ್ದು ದೊಡ್ಡದಲ್ಲ. ನ್ಯೂಪಡ್ಪುವಿನ ಮಕ್ಕಳಿಗೂ ಇದೇ ಗತಿಯೇ ಎಂಬ ಚಿಂತೆ ಮಾತ್ರ ಅವರನ್ನು ಬಿಡಲಿಲ್ಲ. ಅಲ್ಲಿ ಶಾಲೆಯೇ ಇರಲಿಲ್ಲ.

ಅಲ್ಪ ಸಂಪಾದನೆಯಲ್ಲೇ ಒಂದಿಷ್ಟು ತೆಗೆದಿಟ್ಟರು. ಕಚೇರಿ ಕಚೇರಿ ಅಲೆದರು. ಉಳ್ಳವರ ಬಾಗಿಲಲ್ಲಿ ನಿಂತು ಕೇಳಿದರು, ತಮಗಾಗಿ ಅಲ್ಲ. 2000ದ ಹೊತ್ತಿಗೆ ಶಾಲೆ ಆರಂಭವಾಯಿತು. ಮುಂದೆ ಪ್ರೌಢಶಾಲೆಯೂ ಬಂತು. ತಮಗೆ ಬಂದ ಬಹುಮಾನದ ಹಣವನ್ನೂ ಶಾಲೆಗೇ ಸುರಿದರು. 2020ರಲ್ಲಿ ಪದ್ಮಶ್ರೀಯ ಸುದ್ದಿ ಬಂದಾಗ ಅವರು ನಿಂತಿದ್ದುದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ!

ಆದರೆ ನಾವು ಮುಖ್ಯವಾಗಿ ನೋಡಬೇಕಾದುದು ಬೇರೊಂದಿದೆ. ಹಾಜಬ್ಬನವರು ಹಟ ಹಿಡಿದು ತಂದದ್ದು ಸರಕಾರಿ ಶಾಲೆ. ಫೀಜು ಎಣಿಸಿ ಒಳಗೆ ಬಿಡುವ ಖಾಸಗಿ ಅಂಗಡಿಯಲ್ಲ. ದುಡಿಮೆ ಅವರದು, ಸ್ವತ್ತು ಊರಿನದು. ನಮ್ಮ ಸಮಾಜವಾದದ ಪುಸ್ತಕಗಳಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳಿದ್ದನ್ನು ನಾವು ಕಂಡಿಲ್ಲ.

ಸರಕಾರವೇ ಮಾಡಬೇಕಿದ್ದ ಕೆಲಸಕ್ಕೆ ಹಣ್ಣಿನ ವ್ಯಾಪಾರಿಯೊಬ್ಬರು ಕಾಲು ಸವೆಸಬೇಕಾಯಿತಲ್ಲ, ಆ ನಾಚಿಕೆಯನ್ನು ಸನ್ಮಾನದ ಶಾಲು ಮುಚ್ಚಲಾರದು.

ನಮ್ಮ ತಾಲ್ಲೂಕಿನಲ್ಲಿ ಮಾಸ್ತರರಿಲ್ಲದ, ಸೂರು ಸೋರುವ ಶಾಲೆಗಳ ಪಟ್ಟಿ ಮಾಡಲು ಬರುವ ಭಾನುವಾರ ಹೊರಡುತ್ತೇವೆ. ಜೊತೆಗೆ ಬರುವವರು ಸಭೆ ಮುಗಿಯುವ ಮುನ್ನ ಹೆಸರು ಕೊಡಿರಿ.