ಇಡುಗಂಟೋ, ತಿಂಗಳ ಬಾಡಿಗೆಯೋ?

(ಸಂಘದ ಧ್ವನಿಮುದ್ರಣ ಕೊಠಡಿಗೆ ಸಂಗೀತ ತಂತ್ರಾಂಶ ಪಡೆಯುವ ವಿಚಾರವಾಗಿ ಮುಂಬಯಿಯಲ್ಲಿ ಕರೆದಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮೂವತ್ತು ವರ್ಷಗಳಿಂದ ಈ ಮಹಾನಗರದಲ್ಲಿ ಧ್ವನಿಮುದ್ರಣದಿಂದಲೇ ಹೊಟ್ಟೆ ಹೊರೆದುಕೊಂಡು ಬಂದವನು ನಾನು. ಮಾತನಾಡುವವರ ಮುಂದೆ ಮೈಕು ಇಟ್ಟು ಗಾಜಿನ ಹಿಂದೆ ಕುಳಿತುಕೊಳ್ಳುವುದು ನನ್ನ ಕಸುಬು; ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಆದರೂ ನಮ್ಮ ಕೊಠಡಿಗೆ ಬೇಕಾದ ತಂತ್ರಾಂಶವನ್ನು ತಿಂಗಳ ಚಂದಾದ ಮೇಲೆ ಪಡೆಯಬೇಕೋ, ಇಡುಗಂಟು ಕೊಟ್ಟು ಕೊಳ್ಳಬೇಕೋ ಎಂಬ ಪ್ರಶ್ನೆ ಎದ್ದಿರುವಾಗ ಮೌನವಾಗಿರುವುದು ಸರಿಯಲ್ಲವೆಂದು ತೋರಿತು.

ಹಿಂದೆ ಧ್ವನಿಮುದ್ರಣವೆಂದರೆ ಕಬ್ಬಿಣದ ವ್ಯವಹಾರ. ಟೇಪು ಯಂತ್ರ, ಮಿಕ್ಸರು, ಪ್ರತಿಧ್ವನಿಯ ಪೆಟ್ಟಿಗೆ ಎಲ್ಲವನ್ನೂ ಒಮ್ಮೆ ಕೊಂಡರೆ ಆಯಿತು. ಕೆಟ್ಟರೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ. ಇಂದು ಅದೆಲ್ಲವೂ ಗಣಕಯಂತ್ರದೊಳಗೆ ಅಡಗಿದೆ. ಹಾಡನ್ನು ಹಿಡಿದಿಡುವ ಮುಖ್ಯ ತಂತ್ರಾಂಶ ಒಂದು, ಅದಕ್ಕೆ ಅಂಟಿಕೊಳ್ಳುವ ‘ಪ್ಲಗಿನ್’ ಎಂಬ ಸಣ್ಣ ಉಪಕರಣಗಳು ಹತ್ತಾರು. ಇವನ್ನು ನಾವು ‘ಕೊಳ್ಳುತ್ತೇವೆ’ ಎನ್ನುವುದೂ ಪೂರ್ಣ ನಿಜವಲ್ಲ. ಗಿರಗಾಂವ, ಪರೇಲಿನ ಚಾಳುಗಳಲ್ಲಿ ಬಾಳಿದ ಹಿರಿಯರಿಗೆ ಪಗಡಿ ಪದ್ಧತಿಯನ್ನು ನಾನು ವಿವರಿಸಬೇಕಾಗಿಲ್ಲ. ಕೈತುಂಬ ಹಣ ಕೊಟ್ಟು ಒಳಗೆ ಸೇರಿರುತ್ತೇವೆ, ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಬೆಳೆಯುತ್ತಾರೆ, ಆದರೂ ಗೋಡೆ ಮಾಲೀಕನದೇ. ಇನ್ನೊಬ್ಬರಿಗೆ ವಹಿಸಿಕೊಡಬೇಕೆಂದರೆ ಅವನಿಗೊಂದು ಪಾಲು. ಇಡುಗಂಟಿನ ತಂತ್ರಾಂಶವೂ ಪಗಡಿಯ ಕೋಣೆಯೇ. ನಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. ಕೆಲವು ಕಂಪನಿಗಳು ಅದರ ವರ್ಗಾವಣೆಗೆ ಶುಲ್ಕ ಕೇಳುತ್ತವೆ, ಕೆಲವು ಒಪ್ಪುವುದೇ ಇಲ್ಲ. ಆದರೆ ಪಗಡಿಯವನನ್ನು ತಿಂಗಳ ಕೊನೆಗೆ ಹೊರಗೆ ಹಾಕಲಾಗುವುದಿಲ್ಲ. ಚಂದಾದವನನ್ನು ಹಾಕಬಹುದು.

ಚಂದಾ ಪದ್ಧತಿ ಒಮ್ಮೆಲೇ ಬಂದದ್ದಲ್ಲ. 2013ರಲ್ಲಿ ಅಡೋಬಿ ಕಂಪನಿ ತನ್ನ ಚಿತ್ರ ಮತ್ತು ಮುದ್ರಣದ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾಕ್ಕೆ ಮಾತ್ರ ಎಂದಿತು. 2015ರಲ್ಲಿ ನಮ್ಮ ಕಸುಬಿನ ದೊಡ್ಡಣ್ಣನಾದ ಪ್ರೊ ಟೂಲ್ಸ್ ತನ್ನ 12ನೆಯ ಆವೃತ್ತಿಯೊಡನೆ ಚಂದಾದ ಬಾಗಿಲು ತೆರೆಯಿತು. 2023ರ ಮಾರ್ಚಿಯಲ್ಲಿ ಪ್ಲಗಿನ್ ತಯಾರಿಸುವ ಇಸ್ರೇಲಿನ ವೇವ್ಸ್ ಕಂಪನಿ ಇನ್ನು ಮುಂದೆ ಇಡುಗಂಟಿನ ಮಾರಾಟವೇ ಇಲ್ಲವೆಂದು ಸಾರಿತು. ಜಗತ್ತಿನ ಮೂಲೆಮೂಲೆಯ ಧ್ವನಿ ಕೆಲಸಗಾರರು ಎಬ್ಬಿಸಿದ ಗದ್ದಲಕ್ಕೆ ಕೆಲವೇ ದಿನಗಳಲ್ಲಿ ಆ ನಿರ್ಧಾರ ಹಿಂದಕ್ಕೆ ಹೋಯಿತು. ಗಿರಾಕಿಗಳು ಒಟ್ಟಾಗಿ ಕೂಗಿದರೆ ಕೇಳಿಸುತ್ತದೆ ಎನ್ನುವುದಕ್ಕೆ ಇದೊಂದು ಸಾಕ್ಷಿ. ಸಂಘಟನೆಯ ರುಚಿ ಬಲ್ಲ ನಮ್ಮಂಥವರಿಗೆ ಸಂತೋಷದ ಸುದ್ದಿ.

ಹಾಗೆಂದು ಇಡುಗಂಟಿನವರೆಲ್ಲ ಸತ್ಯಹರಿಶ್ಚಂದ್ರರಲ್ಲ. ಕೇಕ್‌ವಾಕ್ ಎಂಬ ಅಮೆರಿಕದ ಕಂಪನಿ 2016ರಲ್ಲಿ ತನ್ನ ಸೋನಾರ್ ತಂತ್ರಾಂಶಕ್ಕೆ ‘ಜೀವಮಾನವಿಡೀ’ ಉಚಿತ ಪರಿಷ್ಕರಣೆ ಎಂದು ಹಣ ಪಡೆಯಿತು. 2017ರ ನವೆಂಬರಿನಲ್ಲಿ ಅದರ ಒಡೆಯರಾದ ಗಿಬ್ಸನ್‌ನವರು ಆ ತಂತ್ರಾಂಶದ ಅಭಿವೃದ್ಧಿಯನ್ನೇ ನಿಲ್ಲಿಸಿದರು. ಜೀವಮಾನ ಯಾರದೆಂದು ಯಾರೂ ಕೇಳಿರಲಿಲ್ಲ! ಮರುವರ್ಷ ಸಿಂಗಾಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಹಂಚಿದ್ದು ಬೇರೆ ಕಥೆ. 2019ರಲ್ಲಿ ಆಪಲ್ ಕಂಪನಿ ತನ್ನ ಗಣಕಗಳ ಹೊಸ ವ್ಯವಸ್ಥೆಯಲ್ಲಿ 32 ಬಿಟ್‌ನ ಹಳೆಯ ತಂತ್ರಾಂಶಗಳನ್ನು ಕೈಬಿಟ್ಟಾಗ, ನಾನು ದುಡ್ಡು ಕೊಟ್ಟು ಕೊಂಡಿದ್ದ ಕೆಲವು ಪ್ಲಗಿನ್‌ಗಳೂ ಅದರಲ್ಲಿ ಮೂಕವಾದವು. ಆದರೆ ಹಳೆಯ ಗಣಕವೊಂದನ್ನು ಮುಟ್ಟದೆ ಮೂಲೆಯಲ್ಲಿ ಇಟ್ಟುಕೊಂಡಿದ್ದೆ. ಅದರಲ್ಲಿ ಅವು ಇಂದಿಗೂ ಹಾಡುತ್ತವೆ.

ಈಗ ಲೆಕ್ಕ. ತಂತ್ರಾಂಶದ ಬೆಲೆ ಇಪ್ಪತ್ತು ಸಾವಿರ ರೂಪಾಯಿ, ಚಂದಾ ತಿಂಗಳಿಗೆ ಎಂಟುನೂರು ಎಂದಿಟ್ಟುಕೊಳ್ಳಿ. ಇಪ್ಪತ್ತೈದು ತಿಂಗಳಿಗೆ ಎರಡೂ ಸರಿಸಮ. ಇಪ್ಪತ್ತಾರನೆಯ ತಿಂಗಳಿನಿಂದ ಚಂದಾದವನು ನಷ್ಟದಲ್ಲಿ. ನಡುವೆ ಹೊಸ ಆವೃತ್ತಿಗೆ ಹಣ ತೆತ್ತರೆ ಆ ಗಡಿ ಒಂದಿಷ್ಟು ಮುಂದಕ್ಕೆ ಹೋಗುತ್ತದೆ. ಜೊತೆಗೆ ಚಂದಾ ಡಾಲರಿನಲ್ಲಿದ್ದರೆ, ರೂಪಾಯಿ ಕುಸಿದಾಗಲೆಲ್ಲ ನಮ್ಮ ಬಾಡಿಗೆ ತಾನಾಗಿ ಏರುತ್ತದೆ.

ಚಂದಾದ ಪಕ್ಷದಲ್ಲಿಯೂ ನ್ಯಾಯವಿದೆ. ಊರಿನಿಂದ ಬಂದ ಹುಡುಗನೊಬ್ಬನಿಗೆ ಧಾರಾವಾಹಿಯ ಕೆಲಸ ಎರಡೇ ತಿಂಗಳು ಸಿಕ್ಕಿದರೆ, ಆ ಎರಡು ತಿಂಗಳಿಗೆ ಮಾತ್ರ ದೊಡ್ಡ ತಂತ್ರಾಂಶ ಪಡೆದು ಬಿಟ್ಟುಬಿಡಬಹುದು. ನಮ್ಮ ಕಾಲದಲ್ಲಿ ಅಂಥ ದಾರಿಯಿರಲಿಲ್ಲ. ನಾಚಿಕೆಯನ್ನು ಬದಿಗಿಟ್ಟು ಹೇಳುತ್ತೇನೆ, ನಾನು ಕೆಲಸ ಕಲಿತದ್ದು ಕಳ್ಳಪ್ರತಿಯಲ್ಲಿಯೇ. 2016ರಲ್ಲಿ ಸ್ಪ್ಲೈಸ್ ಸಂಸ್ಥೆ ಸೀರಮ್ ಎಂಬ ವಾದ್ಯ ತಂತ್ರಾಂಶದಿಂದ ತೊಡಗಿದ ಪದ್ಧತಿ ನನಗೆ ಇನ್ನೂ ಮೆಚ್ಚುಗೆಯದು: ತಿಂಗಳ ಕಂತು ಕಟ್ಟುತ್ತ ಹೋಗಿ, ಬೆಲೆ ತೀರಿದ ದಿನ ಅದು ನಿಮ್ಮದು.

ಆದರೆ ಸಂಘದ ವಿಷಯ ಬೇರೆ. ನಾವು ಮುದ್ರಿಸಹೊರಟಿರುವುದು ಎಂಬತ್ತು ದಾಟಿದವರ ಕಂಠವನ್ನು. ಅದಕ್ಕೇ ನನ್ನ ಅನುಭವವೊಂದನ್ನು ಹೇಳಬೇಕಾಗಿದೆ. 2019ರಲ್ಲಿ ನಮ್ಮ ನಡುವಿನ ಹಿರಿಯ ಭಾಗವತರೊಬ್ಬರ ಯಕ್ಷಗಾನ ಪದ್ಯಗಳನ್ನು ಮುದ್ರಿಸಿದ್ದೆ. ಮರುವರ್ಷ ಅವರು ತೀರಿಹೋದರು. 2021ರ ಅಕ್ಟೋಬರಿನಲ್ಲಿ ಸ್ಮರಣೆಯ ಕಾರ್ಯಕ್ರಮಕ್ಕೆಂದು ಅವರ ಮಗ ಬಂದು, ಒಂದು ಪದ್ಯದಲ್ಲಿ ಚೆಂಡೆ ತುಸು ತಗ್ಗಿಸಿ ಕೊಡಿ ಎಂದರು. ಆ ತಿಂಗಳ ಒಂದನೆಯ ತಾರೀಖಿನಿಂದ ಕಾರ್ಡಿನ ಮೂಲಕ ತಾನಾಗಿ ಸಂದಾಯವಾಗುವ ಹಣಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದಿತ್ತು. ನಾನು ಚಂದಾ ಕಟ್ಟುತ್ತಿದ್ದ ಪರದೇಶದ ಕಂಪನಿಗೆ ಹಣ ತಲುಪಲಿಲ್ಲ, ತಂತ್ರಾಂಶ ತೆರೆಯಲಿಲ್ಲ. ಪತ್ರ ಬರೆದೆ, ಉತ್ತರ ಬರುವಷ್ಟರಲ್ಲಿ ಕಾರ್ಯಕ್ರಮ ಮುಗಿದಿತ್ತು. ಭಾಗವತರ ಧ್ವನಿಯ ಕಡತಗಳು ನನ್ನ ಡಿಸ್ಕಿನಲ್ಲಿಯೇ ಇದ್ದವು. ಅವರ ಕಂಠ, ಮದ್ದಳೆ, ಚೆಂಡೆಗಳನ್ನು ಹದವಾಗಿ ಕೂಡಿಸಿದ್ದ ನನ್ನ ಆರು ದಿನಗಳ ಕೆಲಸ ಮಾತ್ರ ಬಾಡಿಗೆ ಕೋಣೆಯ ಬೀಗದೊಳಗೆ ಉಳಿಯಿತು. ಮಗ ಏನೂ ಅನ್ನಲಿಲ್ಲ. ಹಳೆಯ ಪ್ರತಿಯನ್ನೇ ಒಯ್ದರು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ರೀಪರ್ ಎಂಬ ತಂತ್ರಾಂಶವನ್ನು ಅರವತ್ತು ದಿನ ಹಣ ಕೊಡದೆ ಪೂರ್ಣವಾಗಿ ಪರೀಕ್ಷಿಸಬಹುದು. ಲಾಭಕ್ಕಲ್ಲದ ಸಂಸ್ಥೆಗಳಿಗೆ ಅದರ ಪರವಾನಗಿ ಅರವತ್ತು ಡಾಲರು, ಒಂದೇ ಬಾರಿ. ಅದು ಎರಡು ಪ್ರಧಾನ ಆವೃತ್ತಿಗಳವರೆಗೆ ನಡೆಯುತ್ತದೆ. ನಮ್ಮ ಹಿರಿಯರ ಹಾಡಿಗೆ ಅದು ಧಾರಾಳವಾಗಿ ಸಾಕು. ವಿಶೇಷ ಪ್ಲಗಿನ್ ಬೇಕಾದರೆ ಒಂದು ತಿಂಗಳಿಗೆ ಚಂದಾದ ಮೇಲೆ ತರೋಣ, ನನ್ನ ಅಡ್ಡಿಯಿಲ್ಲ. ಆದರೆ ಆ ತಿಂಗಳು ಮುಗಿಯುವ ಮೊದಲು ಪ್ರತಿಯೊಂದು ಕಂಠವನ್ನೂ ವಾದ್ಯವನ್ನೂ, ಸಂಸ್ಕರಿಸಿದ ರೂಪದಲ್ಲಿಯೇ, ಬೇರೆಬೇರೆ ವೇವ್ ಕಡತಗಳಾಗಿ ಇಳಿಸಿಕೊಳ್ಳಬೇಕು. 1991ರಿಂದ ಇರುವ ಆ ನಮೂನೆಯನ್ನು ಇಂದು ಎಲ್ಲ ಸಂಗೀತ ತಂತ್ರಾಂಶಗಳೂ ಓದುತ್ತವೆ. ಎರಡು ಡಿಸ್ಕುಗಳಲ್ಲಿ ಪ್ರತಿ ಇರಲಿ, ಒಂದು ಕಾರ್ಯದರ್ಶಿಗಳ ಮನೆಯಲ್ಲಿ.

ಭಾಗವತರ ಪದ್ಯಗಳನ್ನು ಮೂಲ ಕಡತಗಳಿಂದ ರೀಪರಿನಲ್ಲಿ ಮತ್ತೆ ಕೂಡಿಸುತ್ತಿದ್ದೇನೆ. ಐದು ಮುಗಿದಿವೆ. ಮಗ ಕೇಳಿದ್ದ ಆ ಪದ್ಯದಲ್ಲಿ ಚೆಂಡೆ ಇನ್ನೂ ಹದಕ್ಕೆ ಬಂದಿಲ್ಲ. ಬಂದ ಕೂಡಲೇ ಅವರನ್ನು ಕರೆಸಿ ಇದೇ ಸಭಾಗೃಹದಲ್ಲಿ ಕೇಳಿಸುತ್ತೇನೆ.