ಕಾರು ತೊಳೆಯೋಣ, ಗೀರು ಬೀಳದ ಹಾಗೆ



ಇವತ್ತು ನಾನು ಮಾತಾಡಲು ಹೊರಟಿರುವುದು ಕಾರು ತೊಳೆಯುವ ವಿಷಯ. "ಅದರಲ್ಲಿ ಹೇಳುವುದೇನಿದೆ, ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್ ಇದ್ದರೆ ಸಾಕಲ್ಲ" ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಹೊಸ ಕಾರು ಮನೆಗೆ ಬಂದ ಮೊದಲ ವರ್ಷ, ಆಯುಧಪೂಜೆಯ ಹಿಂದಿನ ದಿನ, ಬಾನೆಟ್ ಮೇಲೆ ಒಣಗಿ ಕೂತಿದ್ದ ಪಾರಿವಾಳದ ಹಿಕ್ಕೆ ಹೋಗಲಿ ಎಂದು ಅಡುಗೆಮನೆಯ ಹಸಿರು ಸ್ಕ್ರಬ್ಬರ್ ತಂದು ಚೆನ್ನಾಗಿ ಉಜ್ಜಿದೆ. ಹಿಕ್ಕೆ ಹೋಯಿತು. ಅದರ ಜೊತೆಗೆ ಅಂಗೈ ಅಗಲದಷ್ಟು ಹೊಳಪೂ ಹೋಯಿತು. ಮಾರನೆಯ ದಿನ ಆ ಜಾಗ ಕಾಣದಿರಲಿ ಎಂದು ಅದರ ಮೇಲೇ ಹಾರ ಹಾಕಿ ಪೂಜೆ ಮಾಡಿದ್ದಾಯಿತು. ಆ ಮಬ್ಬು ಗುರುತು ಇವತ್ತಿಗೂ ಇದೆ. ನಿಮ್ಮ ಕಾರಿಗೆ ಹಾಗಾಗದಿರಲಿ ಎಂಬುದೇ ಈ ಮಾತಿನ ಉದ್ದೇಶ.

ಮೊದಲು ನಾವು ತೊಳೆಯುತ್ತಿರುವುದು ಏನನ್ನು ಎಂದು ತಿಳಿಯೋಣ. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪ ಇರುತ್ತದೆ. ಇದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಇಂದಿನ ಬಹುತೇಕ ಕಾರುಗಳಲ್ಲಿ ನಾವು ನೋಡುವ ಹೊಳಪೆಲ್ಲ ಇದರದೇ. ಇದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಂದರೆ ಕೂದಲಿಗಿಂತ ತೆಳುವಾದ ಒಂದು ಪೊರೆಯನ್ನು ನಾವು ವರ್ಷಾನುಗಟ್ಟಲೆ ಉಜ್ಜುತ್ತಿದ್ದೇವೆ.

ಇನ್ನು ಧೂಳು. ರಸ್ತೆಯ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಮರಳಿನ ಮುಖ್ಯ ಖನಿಜ ಸ್ಫಟಿಕ. ಅದು ಗಾಜನ್ನೇ ಗೀರಬಲ್ಲದು ಎಂದ ಮೇಲೆ ಕ್ಲಿಯರ್ ಕೋಟ್ ಯಾವ ಲೆಕ್ಕ? ಒಣಗಿದ ಧೂಳಿನ ಮೇಲೆ ಬಟ್ಟೆ ಇಟ್ಟು ಎಳೆದರೆ ಅದು ಮರಳು ಕಾಗದದ ಕೆಲಸವನ್ನೇ ಮಾಡುತ್ತದೆ. ಒಂದು ದಿನಕ್ಕೆ ಏನೂ ಕಾಣುವುದಿಲ್ಲ. ಒಂದು ವರ್ಷ ಕಳೆದ ಮೇಲೆ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿ, ಅಥವಾ ರಾತ್ರಿ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ಸುತ್ತು ಸುತ್ತಾದ ಸಣ್ಣ ಗೆರೆಗಳು ಕಾಣುತ್ತವೆ. ಕಪ್ಪು, ಕಡುನೀಲಿ ಕಾರಿನಲ್ಲಿ ಎದ್ದು ಕಾಣುತ್ತವೆ. ಬಿಳಿ ಕಾರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ, ಇದ್ದೇ ಇರುತ್ತವೆ.

ಆದ್ದರಿಂದ ಮೊದಲ ನಿಯಮವನ್ನು ಬರೆದಿಟ್ಟುಕೊಳ್ಳಿ: ಒಣ ಕಾರನ್ನು ಒಣ ಬಟ್ಟೆಯಿಂದ ಒರೆಸಬೇಡಿ. ಧೂಳು ಕೂತ ಕಾರಿನ ಮೇಲೆ ಕವರ್ ಎಳೆಯುವುದೂ ತಪ್ಪು. ಗಾಳಿ ಬೀಸಿದಾಗಲೆಲ್ಲ ಕವರ್ ಅಲುಗಾಡಿ ಅದೇ ಧೂಳನ್ನು ತಿಕ್ಕುತ್ತಿರುತ್ತದೆ. ಕವರ್ ಹಾಕುವುದಿದ್ದರೆ ತೊಳೆದ ಕಾರಿಗೆ ಹಾಕಿ.

ಈಗ ಸಾಮಾನುಗಳ ಪಟ್ಟಿ. ಎರಡು ಬಕೆಟ್, ಒಂದು ಮಗ್, ಕಾರಿಗೆಂದೇ ಸಿಗುವ ಶಾಂಪೂ, ತೊಳೆಯಲು ಮೈಕ್ರೊಫೈಬರ್ ಗ್ಲೌಸ್ ಅಥವಾ ಮೆತ್ತನೆಯ ದಪ್ಪ ಬಟ್ಟೆ, ಒರೆಸಲು ದೊಡ್ಡ ಮೈಕ್ರೊಫೈಬರ್ ಟವೆಲ್, ಚಕ್ರಗಳಿಗೆ ಬೇರೆಯೇ ಬಟ್ಟೆ ಮತ್ತು ಬ್ರಷ್. ಪಾತ್ರೆ ತೊಳೆಯುವ ಸೋಪು, ಬಟ್ಟೆ ಒಗೆಯುವ ಪುಡಿ ಬೇಡ. ಎಣ್ಣೆ ಜಿಡ್ಡು ತೆಗೆಯಲೆಂದೇ ಮಾಡಿದ ಅವು ಕಾರಿನ ಮೇಲಿರುವ ವ್ಯಾಕ್ಸನ್ನೂ ತೆಗೆದುಬಿಡುತ್ತವೆ. ನೀರಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಒರೆಸುವ ಹಳೆಯ ಪದ್ಧತಿಯೊಂದಿದೆ. ಆಗ ಕಾಣುವ ಹೊಳಪು ಎಣ್ಣೆಯದು, ಬಣ್ಣದ್ದಲ್ಲ. ಸಂಜೆಯೊಳಗೆ ಆ ಜಿಡ್ಡಿಗೇ ಧೂಳು ಅಂಟಿಕೊಳ್ಳುತ್ತದೆ.

ಬಕೆಟ್ ಎರಡು ಯಾಕೆ? ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಶಾಂಪೂ ನೀರಲ್ಲಿ ಅದ್ದಿ ಒಂದು ಬಾಗಿಲು ತೊಳೆದಿರಿ ಅನ್ನಿ. ಈಗ ಬಟ್ಟೆಯ ತುಂಬ ಮರಳು. ಅದನ್ನು ಹಾಗೇ ಶಾಂಪೂ ಬಕೆಟ್‌ಗೆ ಅದ್ದಿದರೆ ಮರಳೆಲ್ಲ ಅಲ್ಲಿ ಸೇರಿ, ಮುಂದಿನ ಬಾಗಿಲಿಗೆ ಮತ್ತೆ ಬರುತ್ತದೆ. ಅದಕ್ಕೆ ಮೊದಲು ಬರಿಯ ನೀರಿನ ಬಕೆಟ್‌ನಲ್ಲಿ ಚೆನ್ನಾಗಿ ಜಾಲಿಸಿ, ಹಿಂಡಿ, ಆಮೇಲೆ ಶಾಂಪೂ ನೀರಿಗೆ ಅದ್ದಬೇಕು. ನಮ್ಮ ಅಮ್ಮಂದಿರು ಅಕ್ಕಿ ತೊಳೆದು ಕಲ್ಲು ಜಾಲಿಸುತ್ತಿದ್ದರಲ್ಲ, ಇಲ್ಲೂ ಅದೇ. ಕಲ್ಲು ತಳದಲ್ಲಿ ಉಳಿಯಬೇಕು, ಅನ್ನಕ್ಕೆ ಬರಬಾರದು.

ತೊಳೆಯುವ ಕ್ರಮ ಹೀಗೆ. ಬೆಳಿಗ್ಗೆ ಅಥವಾ ಸಂಜೆ, ನೆರಳಿನಲ್ಲಿ ನಿಲ್ಲಿಸಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಇದ್ದರೆ ಆರುವವರೆಗೆ ಕಾಯಿರಿ. ಬಿಸಿ ತಗಡಿನ ಮೇಲೆ ಶಾಂಪೂ ತಕ್ಷಣ ಒಣಗಿ ಕಲೆ ಕಟ್ಟುತ್ತದೆ. ಮೊದಲು ಚಕ್ರಗಳನ್ನು ತೊಳೆದು ಮುಗಿಸಿ, ಆ ಬಟ್ಟೆ, ಆ ನೀರು ಎರಡನ್ನೂ ದೂರ ಇಡಿ. ಬ್ರೇಕಿನಿಂದ ಉದುರಿದ ಲೋಹದ ಪುಡಿ ಅದರಲ್ಲಿರುತ್ತದೆ. ಆಮೇಲೆ ಇಡೀ ಕಾರಿನ ಮೇಲೆ ಮೇಲಿನಿಂದ ಕೆಳಕ್ಕೆ ಮಗ್‌ನಿಂದ ನೀರು ಸುರಿಯಿರಿ, ಉಜ್ಜಬೇಡಿ. ಎರಡು ಮೂರು ನಿಮಿಷ ನೆನೆಯಲು ಬಿಟ್ಟು ಇನ್ನೊಮ್ಮೆ ಸುರಿಯಿರಿ. ಸಡಿಲವಾದ ಮಣ್ಣು ಇಲ್ಲೇ ಇಳಿದುಹೋಗಬೇಕು. ಅದು ಇಳಿದಷ್ಟೂ ಗೀರು ಕಡಿಮೆ.

ಈಗ ಶಾಂಪೂ. ಮೊದಲು ರೂಫ್, ನಂತರ ಗಾಜುಗಳು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲ್ಭಾಗ, ಕೊನೆಗೆ ಬಾಗಿಲಿನ ಕೆಳಭಾಗ ಮತ್ತು ಬಂಪರ್. ಕೆಳಗಡೆಯೇ ಹೆಚ್ಚು ಮಣ್ಣು ಇರುವುದರಿಂದ ಅದು ಕೊನೆಗೆ. ಕೈಯನ್ನು ಸುತ್ತು ಸುತ್ತಾಗಿ ತಿರುಗಿಸಬೇಡಿ, ನೇರವಾಗಿ ಎಳೆಯಿರಿ. ಒತ್ತಬೇಡಿ, ಬಟ್ಟೆಯ ಭಾರವೇ ಸಾಕು. ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತೋ, ಆ ದಿನಕ್ಕೆ ಅದರ ಕೆಲಸ ಮುಗಿಯಿತು. ಬೇರೆ ತೆಗೆದುಕೊಳ್ಳಿ. ಒಂದೊಂದು ಭಾಗ ಮುಗಿದ ಹಾಗೆ ನೊರೆ ಒಣಗುವ ಮೊದಲೇ ನೀರು ಹಾಕಿ.

ಕೊನೆಗೆ ಒರೆಸುವುದು. ತಾನಾಗಿಯೇ ಒಣಗಲಿ ಎಂದು ಬಿಡಬೇಡಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿದ್ದರಂತೂ ಬಿಡಲೇಬೇಡಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹನಿ ಒಣಗಿದ ಕಡೆಯಲ್ಲೆಲ್ಲ ಬಿಳಿ ಉಂಗುರವಾಗಿ ಕೂರುತ್ತವೆ. ಟವೆಲನ್ನು ಹರವಿ, ಮೆಲ್ಲಗೆ ಎಳೆಯಿರಿ ಅಥವಾ ಮಗುವಿನ ಮೈ ಒರೆಸುವ ಹಾಗೆ ಒತ್ತಿ ತೆಗೆಯಿರಿ. ಈ ಬಟ್ಟೆಗಳನ್ನು ಮನೆಯ ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ. ಹತ್ತಿಯ ನೂಲು ಅಂಟಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್, ಇಸ್ತ್ರಿ ಎರಡೂ ಬೇಡ. ಅಂಚಿನಲ್ಲಿ ಹೊಲಿದ ಲೇಬಲ್ ಇದ್ದರೆ ಕತ್ತರಿಸಿಬಿಡಿ, ಅದೂ ಗೀರುತ್ತದೆ.

ನೀರಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಪೈಪು ಹಿಡಿದು ತೊಳೆದರೆ, ನಿಮಿಷಕ್ಕೆ 10 ಲೀಟರ್ ಎಂದು ಲೆಕ್ಕ ಹಿಡಿದರೂ, 15 ನಿಮಿಷಕ್ಕೆ 150 ಲೀಟರ್ ಆಯಿತು. ಮೇಲೆ ಹೇಳಿದ ಕ್ರಮದಲ್ಲಿ ಮೂರು ನಾಲ್ಕು ಬಕೆಟ್‌ನಲ್ಲಿ ಕೆಲಸ ಮುಗಿಯುತ್ತದೆ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಕೆರೆಗಳು ಬತ್ತಿದ್ದು ನಿಮಗೆ ನೆನಪಿರಬಹುದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದು ಆದೇಶಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೈಪು ಹಿಡಿದು ಕಾರು ತೊಳೆಯುವವರಿಗೆ 2000 ರೂಪಾಯಿ ದಂಡ ಹಾಕಲು ಅಲ್ಲಿನ ಸರ್ಕಾರ ಸೂಚಿಸಿತು. ಊರು ಯಾವುದೇ ಇರಲಿ, ಪಕ್ಕದ ಮನೆಯವರು ಟ್ಯಾಂಕರ್‌ಗೆ ಕಾಯುತ್ತಿರುವಾಗ ನಮ್ಮ ಕಾರಿನ ಹೊಳಪು ದೊಡ್ಡ ವಿಷಯವಲ್ಲ. ಅಂಥ ದಿನಗಳಲ್ಲಿ ಗಾಜು ಮತ್ತು ದೀಪಗಳನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ. ಉಳಿದ ಧೂಳು ಹಾಗೇ ಇರಲಿ. ಮುಟ್ಟದ ಧೂಳು ಗೀರುವುದಿಲ್ಲ.

ಆದರೆ ಹಕ್ಕಿಯ ಹಿಕ್ಕೆಯನ್ನು ಮಾತ್ರ ನಾಳೆಗೆ ಬಿಡಬೇಡಿ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಸೇರಿ ಕ್ಲಿಯರ್ ಕೋಟನ್ನೇ ತಿನ್ನುತ್ತದೆ. ಹಾಗೆಂದು ನನ್ನ ಹಾಗೆ ಉಜ್ಜಬಾರದು. ಒದ್ದೆ ಮಾಡಿದ ಕಾಗದದ ಕರವಸ್ತ್ರವನ್ನು ಅದರ ಮೇಲೆ ಹರವಿ ಐದು ಹತ್ತು ನಿಮಿಷ ಬಿಡಿ. ಮೆತ್ತಗಾದ ಮೇಲೆ ಮೇಲಕ್ಕೆ ಎತ್ತಿ ತೆಗೆಯಿರಿ. ಒಂದು ನೀರಿನ ಬಾಟಲಿ ಮತ್ತು ಒಂದಿಷ್ಟು ಕಾಗದ ಡಿಕ್ಕಿಯಲ್ಲಿ ಸದಾ ಇರಲಿ.

ಇನ್ನು ಪಾಲಿಷ್. ಇಲ್ಲೊಂದು ಗೊಂದಲವಿದೆ. ಪಾಲಿಷ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಷ್‌ನಲ್ಲಿ ಬಹಳ ನುಣುಪಾದ ಪುಡಿ ಇರುತ್ತದೆ. ಅದು ಕ್ಲಿಯರ್ ಕೋಟಿನ ಮೇಲ್ಪದರವನ್ನು ಕೊಂಚ ಸವೆಸಿ ಸಣ್ಣ ಗೀರುಗಳನ್ನು ಸಮ ಮಾಡುತ್ತದೆ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಮೇಲೊಂದು ರಕ್ಷಣೆಯ ಪೊರೆ ಕಟ್ಟುತ್ತದೆ. ಪಾಲಿಷ್ ಮಾಡಿದಾಗಲೆಲ್ಲ ನಿಮ್ಮ ಆ 40 ಮೈಕ್ರಾನ್ ಬಂಡವಾಳದಲ್ಲಿ ಸ್ವಲ್ಪ ಖರ್ಚಾಗುತ್ತದೆ. ಅದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಪಾಲಿಷ್ ವರ್ಷಕ್ಕೊಮ್ಮೆ, ಅದೂ ಅಗತ್ಯವಿದ್ದರೆ. ವ್ಯಾಕ್ಸ್ ಎರಡು ಮೂರು ತಿಂಗಳಿಗೊಮ್ಮೆ ಹಾಕಬಹುದು.

ಗೀರಿನ ಮೇಲೆ ಅಡ್ಡಲಾಗಿ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅದು ಆಳವಾದ ಗೀರು, ಕೈಪಾಲಿಷ್‌ಗೆ ಹೋಗುವುದಿಲ್ಲ. ಸಿಕ್ಕದಿದ್ದರೆ ಪ್ರಯತ್ನಿಸಬಹುದು. ಚೆನ್ನಾಗಿ ತೊಳೆದು ಒಣಗಿಸಿದ ಕಾರಿನ ಮೇಲೆ, ಕಾಣದ ಮೂಲೆಯೊಂದರಲ್ಲಿ ಮೊದಲು ಮಾಡಿ ನೋಡಿ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅಲ್ಲಿಗೆ ನಿಲ್ಲಿಸಿ. ಮೇಲೆ ಕ್ಲಿಯರ್ ಕೋಟ್ ಇಲ್ಲ ಎಂದು ಅರ್ಥ. ಸರಿಯಿದ್ದರೆ ಸ್ಪಂಜಿನ ಮೇಲೆ ಬಟಾಣಿ ಕಾಳಿನಷ್ಟು ಪಾಲಿಷ್ ಹಾಕಿ, ಎರಡು ಅಡಿ ಚೌಕದಷ್ಟೇ ಜಾಗ ಹಿಡಿದು, ಸಮವಾಗಿ ಒತ್ತಿ ಮಾಡಿ, ಬೇರೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಇಡೀ ಕಾರನ್ನು ಒಂದೇ ದಿನ ಮಾಡಲು ಹೋದರೆ ಭುಜ ಹಿಡಿದುಕೊಳ್ಳುತ್ತದೆ. ಒಂದು ಭಾನುವಾರ ಬಾನೆಟ್, ಇನ್ನೊಂದು ಭಾನುವಾರ ಬಾಗಿಲು ಅಂತ ಮಾಡಿಕೊಳ್ಳಿ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಾಗಿಸಬೇಡಿ, ಬಿಳಿ ಕಲೆ ಕೂರುತ್ತದೆ. ಮ್ಯಾಟ್ ಬಣ್ಣದ ಕಾರಿಗೆ ಪಾಲಿಷ್ ಮಾಡಲೇಬಾರದು. ಪಾಲಿಷ್ ಆದ ಮೇಲೆ ವ್ಯಾಕ್ಸನ್ನು ತೆಳ್ಳಗೆ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಒರೆಸಿ. ದಪ್ಪ ಹಚ್ಚಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕೆಲಸ ಹೆಚ್ಚುತ್ತದೆ.

ಆಯುಧಪೂಜೆಯ ದಿನಕ್ಕೆ ಎರಡು ಮಾತು. ಅರಿಶಿನ, ಕುಂಕುಮವನ್ನು ಬಣ್ಣದ ಮೇಲೆ ಹಚ್ಚುವ ಬದಲು ಗಾಜಿನ ಮೂಲೆಗೆ ಅಥವಾ ನಂಬರ್ ಪ್ಲೇಟಿನ ಅಂಚಿಗೆ ಇಡಿ. ಅಕ್ಷರ ಮುಚ್ಚದಿರಲಿ. ಹಾರವನ್ನು ತಂತಿಯಲ್ಲಿ ಕಟ್ಟಿದ್ದರೆ ಅದರ ತುದಿ ಬಣ್ಣಕ್ಕೆ ತಾಗದಂತೆ ನೋಡಿಕೊಳ್ಳಿ. ಬಾಳೆಕಂದು ಕಟ್ಟಿಕೊಂಡು ಊರು ಸುತ್ತಿ ಬಂದ ಮೇಲೆ ಸಂಜೆಯೇ ಬಿಚ್ಚಿ, ಅದರ ರಸದ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮಲ್ಲಿ ಹೆಚ್ಚಿನವರ ಕಾರನ್ನು ತೊಳೆಯುವವರು ನಾವಲ್ಲ. ಬೆಳಿಗ್ಗೆ ಐದೂವರೆಗೆ ಸೊಸೈಟಿಗೆ ಬಂದು, ಒಂದು ಬಕೆಟ್ ಒಂದು ಬಟ್ಟೆಯಲ್ಲಿ ಇಪ್ಪತ್ತು ಕಾರು ಮುಗಿಸುವ ಹುಡುಗ. ನನ್ನ ಕಾರಿನ ಸುತ್ತುಗೆರೆಗಳನ್ನು ನೋಡಿ ಒಂದು ದಿನ ಅವನ ಮೇಲೆ ರೇಗಿದೆ. ಅವನು ಶಾಂತವಾಗಿ ಹೇಳಿದ, "ಸಾಹೇಬರೇ, ಎಂಟು ಗಂಟೆಯೊಳಗೆ ಇಪ್ಪತ್ತೆರಡು ಗಾಡಿ. ನಲ್ಲಿ ಒಂದೇ. ಒಂದು ದಿನ ಒರೆಸದಿದ್ದರೆ ನೀವೇ ಕೇಳುತ್ತೀರಿ." ಲೆಕ್ಕ ಹಾಕಿದೆ. ಒಂದು ಕಾರಿಗೆ ಏಳು ನಿಮಿಷವೂ ಬರುವುದಿಲ್ಲ. ದಿನವೂ ಒರೆಸಬೇಕು ಎಂದು ಹೇಳಿದವನು ನಾನೇ. ಗೀರು ಬಿದ್ದದ್ದು ಅವನ ಕೈಯಿಂದ, ಬೀಳಿಸಿದ್ದು ನನ್ನ ಹಟ.

ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಸಂಬಳ ಅಷ್ಟೇ, ಒಂದು ರೂಪಾಯಿ ಕಡಿಮೆಯಿಲ್ಲ. ವಾರದಲ್ಲಿ ಐದು ದಿನ ಗಾಜು ಮಾತ್ರ, ಅದೂ ಒದ್ದೆ ಬಟ್ಟೆಯಲ್ಲಿ. ಒಂದು ದಿನ ಎರಡು ಬಕೆಟ್‌ನಲ್ಲಿ ಸರಿಯಾದ ಸ್ನಾನ. ಒಂದು ದಿನ ರಜೆ. ಬಟ್ಟೆ, ಶಾಂಪೂ ನನ್ನದು. ಮೊದಲ ಭಾನುವಾರ ಇಬ್ಬರೂ ಸೇರಿ ತೊಳೆದೆವು. ಈಗ ಅವನು ನನಗಿಂತ ಚೆನ್ನಾಗಿ ತೊಳೆಯುತ್ತಾನೆ. ನಮ್ಮ ಕಟ್ಟಡದ ಇನ್ನೂ ನಾಲ್ಕು ಮನೆಯವರು ಇದೇ ಕ್ರಮಕ್ಕೆ ಬಂದಿದ್ದಾರೆ.

ನಿಮ್ಮ ಕಾರಿಗೂ ಒಂದು ಬಕೆಟ್ ಹೆಚ್ಚು ಕೊಡಿ. ತೊಳೆಯುವವರಿಗೆ ಹತ್ತು ನಿಮಿಷ ಹೆಚ್ಚು ಕೊಡಿ. ಉಳಿದದ್ದನ್ನು ನೀರು ನೋಡಿಕೊಳ್ಳುತ್ತದೆ.